ಶುಜಾ ಅವರ ವೈದ್ಯರು ನಮ್ಮತ್ತೆಯ ಕೈ ಮುಟ್ಟಿದ ವಿಚಾರ

ಲೈಕಿಪಿಯಾದ ಸಂರಕ್ಷಿತ ವನದಲ್ಲಿ ಬಿಜಯಂಗೈದಿರುವ ಕಪ್ಪು ಘೇಂಡಾಮೃಗ ಶ್ರೀ ಶುಜಾ ಅವರ ಸನ್ನಿಧಿಗೆ,

ಮಾನ್ಯರೇ,

ತಮ್ಮ ಬೇಲಿಯಾಚೆಯ ಹಳ್ಳಿಯ ನೈಸುಲಾ ಮಾಡುವ ನಮಸ್ಕಾರಗಳು. ತಮ್ಮ ಚರ್ಮ, ಕೊಂಬು, ಜೀರ್ಣಶಕ್ತಿಗಳ ಕ್ಷೇಮ ಸಮಾಚಾರವನ್ನು ಪ್ರತಿ ಸೋಮವಾರ ಹೆಬ್ಬಾಗಿಲಿನ ಹಲಗೆಯ ಮೇಲೆ ಬರೆಯುವುದರಿಂದ ನಾನು ಬೇರೆ ವಿಚಾರಿಸುವ ಅಗತ್ಯ ಬಿದ್ದಿಲ್ಲ.

ಕಳೆದ ಶನಿವಾರ, ಸುತ್ತಲಿನ ಹಳ್ಳಿಯವರನ್ನು ಒಳಗೆ ಬಿಡುವ ದಿನ, ನನ್ನ ಅತ್ತೆ ನೊಲ್ಮೊಂಗಿಯವರನ್ನು ತಮ್ಮ ದರ್ಶನಕ್ಕೆ ಕರೆತಂದಿದ್ದೆ. ಎಪ್ಪತ್ತೆಂಟರ ಅವರು ಇದ್ದಬದ್ದ ಮಣಿಸರಗಳನ್ನೆಲ್ಲ ಧರಿಸಿ, "ಚಿಕ್ಕೋಳಿದ್ದಾಗ ಇವರಜ್ಜನ್ನ ಕಂಡು ಮರ ಹತ್ತಿದ್ದೆ, ಮೊಮ್ಮಗನ್ನಾದ್ರೂ ಮಾತಾಡಿಸ್ಕೊಂಡು ಬರೋಣ ನಡಿಯೇ" ಎಂದು ಹೊರಟಿದ್ದರು. ಕಟಕಟೆಯಾಚೆ ನಿಂತಿದ್ದ ತಾವು ಒಮ್ಮೆ ಸೀನಿದಿರಿ. ಅತ್ತೆ ಬೆಚ್ಚಿ, ಕಾಲು ಜಾರಿ ಚರಂಡಿಗೆ ಬಿದ್ದರು. ತಮ್ಮ ಕಾವಲಿನ ನಾಲ್ವರು ಬಂದೂಕುಧಾರಿಗಳು ಆ ಕ್ಷಣವೇ ಓಡಿಬಂದು, ತಮಗೇನಾಯಿತೋ ಎಂದು ತಮ್ಮನ್ನು ಸುತ್ತುವರಿದ ಕರ್ತವ್ಯನಿಷ್ಠೆಯನ್ನು ಎಷ್ಟು ಹೊಗಳಿದರೂ ಸಾಲದು.

ಅತ್ತೆಯ ಮಣಿಕಟ್ಟು ಸೊಟ್ಟಗಾಗಿತ್ತು. ನಮ್ಮ ಹಳ್ಳಿಯ ದವಾಖಾನೆಗೆ ಬೀಗ ಬಿದ್ದು ಎರಡು ವರ್ಷ. ಪಟ್ಟಣಕ್ಕೆ ಸೋಮವಾರದವರೆಗೆ ಗಾಡಿಯಿಲ್ಲ. ತಮ್ಮ ಕಾಲುಗುರು ನೋಡಿ ಮುಗಿಸಿದ್ದ ಡಾಕ್ಟರ್ ಮುತೂರಿ ಅಲ್ಲೇ ಕೈ ತೊಳೆಯುತ್ತಿದ್ದರು. ನಾನು ಅವರತ್ತ ನಡೆದಾಗ ಕಾವಲುಗಾರ ಲೆಪೊರೆ ಅಡ್ಡಬಂದ.

"ಅಕ್ಕಾ, ಇವರು ಪ್ರಾಣಿಗಳ ಡಾಕ್ಟ್ರು. ಮನುಷ್ಯರನ್ನ ಮುಟ್ಟಿದ್ರೆ ಅವರ ಕೆಲಸಕ್ಕೇ ಕುತ್ತು."

"ಹಾಗಾದ್ರೆ ಪ್ರಾಣಿ ಅಂತಾನೇ ಬರ್ಕೊಳ್ಳಪ್ಪ," ಎಂದರು ಅತ್ತೆ ಚರಂಡಿಯಿಂದಲೇ. "ನಂಗೇನೂ ಬೇಜಾರಿಲ್ಲ."

ಡಾಕ್ಟರು ಕೈ ಒರೆಸಿಕೊಂಡು ಬಂದು ಚರಂಡಿಯ ಪಕ್ಕ ಮಂಡಿಯೂರಿ ಕೂತರು. ತಮ್ಮ ಪಾದಕ್ಕೆಂದು ತರಿಸಿದ ಎಕ್ಸ್‌ರೇ ಯಂತ್ರದಲ್ಲಿ ಅತ್ತೆಯ ಕೈ ಒಣಕಡ್ಡಿಯಂತೆ ಕಂಡಿತು. ದಬ್ಬೆ ಕಟ್ಟುವಾಗ ಅವರು ರೂಢಿಯಂತೆ ಅತ್ತೆಯ ಕಾಲಿಗೆ ಸಿಗದಂತೆ ಸರಿದು ಕೂತರು. ಅತ್ತೆ ಇನ್ನೊಂದು ಕೈಯಿಂದ ಅವರ ತಲೆ ನೇವರಿಸಿ, "ಹೆದರ್ಬೇಡ ಮಗಾ, ನಾನು ಒದೆಯಲ್ಲ" ಎಂದರು.

ಮನುಷ್ಯರನ್ನು ಮುಟ್ಟಿದ್ದೇಕೆಂದು ಮಂಗಳವಾರ ಆ ಡಾಕ್ಟರಿಗೆ ವನದ ಕಚೇರಿಯಿಂದ ನೋಟಿಸು ಬಂದಿದೆ. ಅಲ್ಲಿ ತಮ್ಮ ಮಾತಿಗೆ ಇರುವ ಬೆಲೆ ನಮ್ಮದಕ್ಕಿಲ್ಲವಾದ್ದರಿಂದ, ತಮಗೇನೂ ತೊಂದರೆಯಾಗಲಿಲ್ಲವೆಂದು ತಾವು ಮೇಲಿನವರಿಗೆ ಒಂದು ಮಾತು ಹೇಳಬೇಕು. ಸಾಧ್ಯವಾದರೆ ಒಂದು ದಿನ ಬೇಲಿ ದಾಟಿ ಬಂದು, ನಮ್ಮ ದವಾಖಾನೆಯ ಮುಂದೆ ಸ್ವಲ್ಪ ಕಾಯಿಲೆ ಬೀಳುವ ಕೃಪೆ ಮಾಡಬೇಕು. ಸಂಜೆಯೊಳಗೆ ಬೀಗ ತೆಗೆಯುತ್ತಾರೆಂಬ ನಂಬಿಕೆ ನನಗಿದೆ.

ವಿನಾಶದಂಚಿನ ಪ್ರಾಣಿಗಳ ಪಟ್ಟಿಗೆ ಇನ್ನೂ ಸೇರಲಾಗದ,
ತಮ್ಮ ವಿಶ್ವಾಸಿ,
ನೈಸುಲಾ ಲೆಮಾಯಿಯನ್

ಬರೆಯಲು ಮರೆತದ್ದು: ಕಟ್ಟು ಬಿಚ್ಚಲು ಡಾಕ್ಟರು ಹೇಳಿದ ದಿನವೇ ತಮ್ಮ ಕಣ್ಣಿನ ತಪಾಸಣೆಯೂ ಇದೆಯಂತೆ. ನಾವು ಸಾಲಿನಲ್ಲಿ ತಮ್ಮ ಹಿಂದೆಯೇ ನಿಂತಿರುತ್ತೇವೆ. ದಯವಿಟ್ಟು ಹಿಂದಕ್ಕೆ ಹೆಜ್ಜೆ ಇಡಬೇಡಿ.