ಭಾಗ ಹೋಗದ ಸ್ಕೂಟರ್

ಹೆಮ್ಮೆಪಡಲು ಜನಕ್ಕೆ ಮಕ್ಕಳ ಮಾರ್ಕು, ಮನೆ, ಮೀಸೆ ಏನೇನೋ ಇರುತ್ತವೆ. ನನಗಿರುವುದು ಒಂದು ನಂಬರ್ ಪ್ಲೇಟು. ನಗುವವರು ನಗಲಿ, ನಾನು ಹಿಂದೆ ಸರಿಯುವವನಲ್ಲ. ದಾಂಡೇಲಿಯ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುವ ನನಗೆ ಹೊಸ ಸ್ಕೂಟರಿನ ಜೊತೆ ತಾನಾಗಿ ಒದಗಿಬಂದ ನಂಬರು 9973. ನಾಲ್ಕಂಕಿಯ ಅವಿಭಾಜ್ಯ ಸಂಖ್ಯೆಗಳಲ್ಲೆಲ್ಲ ದೊಡ್ಡದು! ಒಂದನ್ನೂ ತನ್ನನ್ನೂ ಬಿಟ್ಟರೆ ಯಾವುದರಿಂದ ಭಾಗಿಸಿದರೂ ಶೇಷ ಉಳಿಸಿಯೇ ತೀರುತ್ತದೆ. ನಂಬದವರು ನೂರರೊಳಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಲಿ, ಅಷ್ಟು ಸಾಕು. ಯಾಕೆ ಸಾಕು ಎಂಬುದನ್ನು ಒಂಬತ್ತನೆಯ ತರಗತಿಗೆ ಪ್ರತಿವರ್ಷ ಹೇಳುತ್ತೇನೆ. ಅವರೂ ಪ್ರತಿವರ್ಷ ಕಿಟಕಿಯ ಕಡೆ ನೋಡುತ್ತಾರೆ. ಪ್ಲೇಟಿಗೆ ನಾಲ್ಕೇ ಅಂಕಿಯಾದ್ದರಿಂದ ಇದಕ್ಕಿಂತ ದೊಡ್ಡ ಅವಿಭಾಜ್ಯದ ಮೇಲೆ ಕೂತು ಓಡಾಡುವವನು ದೇಶದಲ್ಲೇ ಇಲ್ಲ.

ಗಾಡಿ ಪೂಜೆಗೆ ಹೆಂಡತಿ ಗಿರಿಜಾಳ ತಮ್ಮ ಬಸವರಾಜ ಚಿಗಳ್ಳಿಯಿಂದ ಬಂದಿದ್ದ. ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತ, "ಭಾವಾರ, ನಂಬರ ಛಲೋ ಐತೇನ್ರಿ?" ಎಂದ.

"ಯಾವುದಕ್ಕೂ ಭಾಗ ಹೋಗೂದಿಲ್ಲಪಾ ಇದು!" ಎಂದೆ ಎದೆಯುಬ್ಬಿಸಿ.

ಅವನ ಕೈ ಅಲ್ಲೇ ನಿಂತಿತು. ಅವನೂ ಅವನ ಅಣ್ಣನೂ ಹೊಲ ಭಾಗ ಮಾಡಿಕೊಳ್ಳಲು ಹಿರಿಯರನ್ನು ಕೂಡಿಸಿದ್ದ ವಾರ ಅದು.

"ಭಾಗ ಆಗದ ಗಾಡಿ ನಮ್ಮ ಅಂಗಳಕ್ಕ ತರಬ್ಯಾಡ್ರಿ, ಕೆಲಸ ಕೆಡತೈತಿ."

"ಅದು ಹೊಲದ ಭಾಗ ಅಲ್ಲೋ, ಭಾಗಾಕಾರ!"

"ಎರಡೂ ಭಾಗನ ಅಲ್ಲೇನ್ರಿ?"

ಮಾತು ನೋಡಿದರೆ ಸರಿಯೇ ಇತ್ತು, ಅದಕ್ಕೇ ಮೈಯೆಲ್ಲ ಉರಿಯಿತು. ಗಿರಿಜಾ ತಮ್ಮನ ಪಕ್ಷ ಹಿಡಿದಳು. "ನಂಬರ ಬದಲ ಮಾಡಸ್ರಿ. ಅಲ್ಲೀತನಕ ನಾ ಹಿಂದ ಕೂಡೂದಿಲ್ಲ."

"ಬೇಕಾದ್ರ ಗಾಡಿ ಬಿಡತೇನಿ, ನಂಬರ ಬಿಡೂದಿಲ್ಲ!" ಎಂದೆ. ಹಾಗೆಂದರೇನೆಂದು ನನಗೂ ಗೊತ್ತಿರಲಿಲ್ಲ.

"ಒಂದಕ್ಕ, ತನಗ ಬಿಟ್ಟು ಯಾರಿಗೂ ಹೊಂದೂದಿಲ್ಲ ಅಂತೀರಿ. ಪ್ಲೇಟಿನ ಮ್ಯಾಲೆ ನಿಮ್ಮ ಜಾತಕನ ಬರದಾರ, ಬಿಡ್ರಿ" ಎಂದಳು ಗಿರಿಜಾ.

ಸಂಜೆ ಇಬ್ಬರೂ ಜೊತೆಯಾಗಿ ಪೇಟೆಗೆ ಹೋಗುವುದು ಮದುವೆಯಾದಂದಿನಿಂದ, ಹಳೆಯ ಗಾಡಿಯ ಕಾಲದಿಂದಲೂ, ನಮ್ಮ ರೂಢಿ. ಹಿಂದಿನ ಸೀಟಿನಿಂದ ಅವಳು ಹೇಳದಿದ್ದರೆ ನಾವಿರುವ ಅಂಬೇವಾಡಿಯ ಒಂದು ಸುದ್ದಿಯೂ ನನಗೆ ತಿಳಿಯದು. ಆದರೂ ಮಾತು ಮಾತೇ. ಅಂದು ಒಬ್ಬನೇ ಹೊರಟೆ. ಬೆನ್ನ ಹಿಂದೆ ಯಾರೂ ಬೈಯದ ದಾರಿ ಬಹಳ ಉದ್ದವೆನಿಸಿತು.

ಮುಂದೆ ಖಾದರ್‌ನ ಆಟೋ ಹೋಗುತ್ತಿತ್ತು. ಓಣಿಯ ಹೆಂಗಸರೆಲ್ಲ ಅದರೊಳಗೆ ಒತ್ತಿಕೊಂಡು ಕೂತು ನಗುತ್ತಿದ್ದರು. ನಡುವೆ ಗಿರಿಜಾ, ಎಲ್ಲರಿಗಿಂತ ಜೋರಾಗಿ. ಅಭ್ಯಾಸಬಲದಿಂದ ಆಟೋದ ನಂಬರು ನೋಡಿದೆ: 5040. ಒಂದರಿಂದ ಹತ್ತರವರೆಗೆ ಯಾವುದರಿಂದ ಭಾಗಿಸಿದರೂ ಏನೂ ಉಳಿಯದ ಸಂಖ್ಯೆ! ಎಷ್ಟು ಜನ ಹತ್ತಿದರೂ ಹೊಂದಿಕೊಂಡು ಹೋಗುವ ನಂಬರು.

"ಸರ, ಗಾಡಿ ಅಲ್ಲೇ ಬದಿಗೆ ಹಚ್ಚಿ ಬರ್ರಿ, ಆಟೋದಾಗ ಇನ್ನೊಬ್ಬರು ಹಿಡೀತಾರ!" ಎಂದು ಖಾದರ್ ಕೂಗಿದ.

"ಬ್ಯಾಡಪಾ!" ಎಂದು ತಲೆಯೆತ್ತಿಕೊಂಡು ಅವರನ್ನು ದಾಟಿ ಹೋದೆ. ನಂಬರು ಬದಲಿಸಿಲ್ಲ, ಬದಲಿಸುವುದೂ ಇಲ್ಲ. ಆದರೆ ಅಂದಿನ ಭಾಗಾಕಾರದಲ್ಲಿ ಶೇಷ ಉಳಿದದ್ದು ಯಾರು ಎಂಬುದನ್ನು ನನಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ನಾನು ಗಣಿತದ ಮಾಸ್ತರ.