ಇಸವಿ ಮೇಷ್ಟ್ರ ಹನ್ನೆರಡನೆಯ ಪ್ರವಾಸ

ಎಲ್ಲ ತಾಪತ್ರಯಕ್ಕೂ ಮೂಲ ಒಂದು ರಜೆ ಅರ್ಜಿ. ಬರೀ ನಾಲ್ಕು ಸಾಲಿನದ್ದು. ಹಳೆಯ ಗುಡಿಗಳ ಊರಿಗೆ ಅಧ್ಯಯನ ಪ್ರವಾಸ ಹೋಗಬೇಕಾಗಿರುವುದರಿಂದ ದಯವಿಟ್ಟು ನಾಲ್ಕು ದಿನಗಳ ವಿಶೇಷ ರಜೆ ಮಂಜೂರು ಮಾಡಬೇಕೆಂದು ವಿನಂತಿ. ಇತಿಹಾಸದ ಮೇಷ್ಟ್ರು ಇದನ್ನು ಹನ್ನೊಂದು ವರ್ಷದಿಂದ ವರ್ಷಕ್ಕೊಂದರಂತೆ ಬರೆದುಕೊಟ್ಟಿದ್ದರು. ಹನ್ನೊಂದು ಸಲವೂ ರಜೆ ಸಿಕ್ಕಿತ್ತು. ಹನ್ನೊಂದು ಸಲವೂ ಅವರು ನಾಲ್ಕು ದಿನ ಮನೆಯ ನಡುಕೋಣೆಯಲ್ಲಿ, ಫ್ಯಾನಿನ ಕೆಳಗೆ, ಮುಸುಕೆಳೆದು ಮಲಗಿದ್ದರು.

ಸೋಮಾರಿ ಅಂದುಬಿಡಬೇಡಿ, ಪಾಪ. ಮೊದಲನೆಯ ವರ್ಷ ಅವರು ನಿಜವಾಗಿಯೂ ಹೊರಟಿದ್ದರು. ಬಸ್ ಸ್ಟ್ಯಾಂಡಿನವರೆಗೆ ಹೋಗಿದ್ದರು ಕೂಡ. ಆದರೆ ಮೇಷ್ಟ್ರಿಗೂ ಬಸ್ಸಿಗೂ ಎಣ್ಣೆ ಸೀಗೇಕಾಯಿ ಸಂಬಂಧ. ಬಸ್ಸಿನ ವಾಸನೆ ಮೂಗಿಗೆ ಬಡಿದರೆ ಸಾಕು, ಹೊಟ್ಟೆ ತೊಳಸಿ ಬರುತ್ತಿತ್ತು. ಆ ಊರಿಗೋ ನಾಲ್ಕು ಗಂಟೆಯ ದಾರಿ, ಮಧ್ಯೆ ಬೆಟ್ಟ, ಬೆಟ್ಟದಲ್ಲಿ ನಲವತ್ತೆರಡು ತಿರುವು. ಮೇಷ್ಟ್ರು ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಹಾಗೇ ಹಿಂದಕ್ಕೆ ತೆಗೆದು, ಮನೆಗೆ ಬಂದು ಮಲಗಿದ್ದರು. ಮುಂದಿನ ವರ್ಷ ಬಸ್ ಸ್ಟ್ಯಾಂಡಿಗೆ ಹೋಗುವ ತೊಂದರೆಯನ್ನೂ ತೆಗೆದುಕೊಳ್ಳಲಿಲ್ಲ.

ಪಾಠಕ್ಕೇನೂ ಕೊರತೆಯಾಗಲಿಲ್ಲ ಅನ್ನಿ. ಪಠ್ಯಪುಸ್ತಕದಲ್ಲಿ ಆ ಊರಿನ ದೊಡ್ಡ ಗುಡಿಯ ಚಿತ್ರ ಅರ್ಧ ಪುಟದಷ್ಟಿತ್ತು. ಅದನ್ನು ನೋಡಿ ನೋಡಿ ಅವರಿಗೆ ಒಂದೊಂದು ಕಂಬವೂ ಬಾಯಿಪಾಠ. ಯಾವ ಅರಸು ಯಾವಾಗ ಪಟ್ಟವೇರಿದ, ಯಾವಾಗ ಸತ್ತ, ಎಲ್ಲವನ್ನೂ ನಿದ್ದೆಗಣ್ಣಲ್ಲಿ ಕೇಳಿದರೂ ಹೇಳುತ್ತಿದ್ದರು. ಅದಕ್ಕೇ ಮಕ್ಕಳು ಅವರಿಗೆ ಇಸವಿ ಮೇಷ್ಟ್ರು ಅಂತ ಹೆಸರಿಟ್ಟಿದ್ದು. ಇಡೀ ಶಾಲೆ ಹಾಗೇ ಕರೆಯುತ್ತಿತ್ತು.

ಹನ್ನೊಂದನೆಯ ರಜೆ ಮುಗಿಸಿ, ಕಣ್ಣು ಊದಿಸಿಕೊಂಡು ಶಾಲೆಗೆ ಬಂದ ದಿನ ನೋಟಿಸ್ ಬೋರ್ಡಿನಲ್ಲಿ ಒಂದು ಹಾಳೆ ಅಂಟಿಸಿತ್ತು. ಭಾನುವಾರ ಸಿಬ್ಬಂದಿಯವರೆಲ್ಲ ಗುಡಿಗಳ ಊರಿಗೆ ಪ್ರವಾಸ. ಯಾರೂ ತಪ್ಪಿಸಿಕೊಳ್ಳುವಂತಿಲ್ಲ. ಮಾರ್ಗದರ್ಶಕರು, ಇತಿಹಾಸದ ಮೇಷ್ಟ್ರು. ಕೆಳಗೆ ಹೆಡ್ ಮೇಡಂ ಸಹಿ.

ಮೇಷ್ಟ್ರ ಎದೆಯಲ್ಲಿ ಅವಲಕ್ಕಿ ಕುಟ್ಟಿದ ಹಾಗಾಯಿತು. ಹೆಡ್ ಮೇಡಂ ಬಂದು ಎರಡೇ ವರ್ಷ. ಅಷ್ಟರಲ್ಲಿ, ಸುಳ್ಳು ಸರ್ಟಿಫಿಕೇಟು ಕೊಟ್ಟು ರಜೆ ತೆಗೆದುಕೊಂಡಿದ್ದ ಆಫೀಸಿನ ಗುಮಾಸ್ತನನ್ನು ಒಂದೇ ದಿನದಲ್ಲಿ ಕೆಲಸದಿಂದ ಕಿತ್ತುಹಾಕಿದ್ದರು. ಅವನದ್ದು ಒಂದು ಸುಳ್ಳು. ಇವರದ್ದು ಹನ್ನೊಂದು!

ಮನೆಯಲ್ಲಿ ಹೆಂಡತಿ ಹೊಲಿಗೆ ಮಿಷನ್ನಿನಿಂದ ತಲೆಯೆತ್ತದೆ ಹೇಳಿದಳು: "ನಾನು ಆವಾಗ್ಲೇ ಬಡ್ಕೊಂಡೆ. ಮಲಗೋದಿದ್ರೆ ತಲೆನೋವು ಅಂತ ಬರೀರಿ, ಅಧ್ಯಯನ ಗಿಧ್ಯಯನ ಬೇಡ ಅಂತ. ಕೇಳಿದ್ರಾ? ಮಾಡಿದ್ದುಣ್ಣೋ ಮಹರಾಯ."

"ಹೊಟ್ಟೆನೋವು ಅಂತ ಹೇಳಿ ತಪ್ಪಿಸ್ಕೊಳ್ಳಲಾ?"

"ಹೇಳಿ. ಹೆಡ್ ಮೇಡಂ ಡಾಕ್ಟರನ್ನ ಕರ್ಕೊಂಡೇ ಮನೆಗೆ ಬರ್ತಾರೆ."

ಭಾನುವಾರ ಬೆಳಗ್ಗೆ ಮೇಷ್ಟ್ರು ಎರಡು ನಿಂಬೆಹಣ್ಣು ಜೇಬಿಗಿಳಿಸಿಕೊಂಡು, ಗಲ್ಲಿಗೆ ಹೋಗುವವರ ಹಾಗೆ ಬಸ್ಸಿನ ಬಳಿ ಬಂದರು. ಅಲ್ಲಿ ಮೊದಲನೆಯ ಆಶ್ಚರ್ಯ ಕಾದಿತ್ತು. ಹತ್ತು ವರ್ಷದಲ್ಲಿ ಒಂದು ದಿನವೂ ಅವರಿಗೆ ಕುರ್ಚಿ ಬಿಟ್ಟುಕೊಡದ ಡ್ರಿಲ್ ಮೇಷ್ಟ್ರು ಓಡಿಬಂದು ಅವರ ಕೈಚೀಲ ತೆಗೆದುಕೊಂಡರು.

"ಬನ್ನಿ ಬನ್ನಿ, ಮುಂದಿನ ಸೀಟು ನಿಮಗೇ ಅಂತ ಹಿಡಿದಿಟ್ಟಿದೀನಿ. ಕಿಟಕಿ ಪಕ್ಕ!"

ಒಂದು ತುಂಡು ಸೀಮೆಸುಣ್ಣ ಕೇಳಿದರೂ ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಳ್ಳುವ ಲೆಕ್ಕದ ಮೇಡಂ, ತಮ್ಮ ಪರ್ಸಿನಿಂದ ಶುಂಠಿ ಪೆಪ್ಪರ್‌ಮೆಂಟು ತೆಗೆದುಕೊಟ್ಟರು. ಎಂಥ ಒಳ್ಳೆಯ ಜನ! ಇಷ್ಟು ವರ್ಷ ಇವರನ್ನು ತಪ್ಪು ತಿಳಿದುಬಿಟ್ಟೆನಲ್ಲ ಅಂದುಕೊಂಡರು ಮೇಷ್ಟ್ರು.

ಹೆಡ್ ಮೇಡಂ ಎದುರು ಸೀಟಿನಲ್ಲಿ ಕೂತು ಕನ್ನಡಕ ಏರಿಸಿದರು. "ಹನ್ನೊಂದು ಸಲ ಬಂದಿದೀರಂತೆ. ಫೈಲ್ ನೋಡ್ದೆ. ಇವತ್ತು ನಾನೇ ಕಣ್ಣಾರೆ ನೋಡ್ಬೇಕು, ಈ ಊರು ನಿಮಗೆ ಎಷ್ಟು ಗೊತ್ತು ಅಂತ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಮೇಷ್ಟ್ರ ಕೈ ತನಗೆ ತಾನೇ ಜೇಬಿನ ನಿಂಬೆಹಣ್ಣಿಗೆ ಹೋಯಿತು.

ಏಳನೆಯ ತಿರುವಿನಲ್ಲಿ ಮೇಷ್ಟ್ರ ಮುಖ ಹಸಿರಾಯಿತು. ಹದಿನೈದನೆಯದರಲ್ಲಿ ಕಿಟಕಿಯಿಂದ ತಲೆ ಹೊರಗೆ ಹೋಯಿತು. ಆಮೇಲಿನದನ್ನು ಬರೆಯುವುದು ಬೇಡ.

"ಇದೇನ್ರಿ, ಹನ್ನೊಂದು ಸಲ ಓಡಾಡಿರೋ ದಾರಿ ಅಲ್ವಾ?" ಅಂದರು ಹೆಡ್ ಮೇಡಂ.

ಮೇಷ್ಟ್ರ ತಲೆ ಇನ್ನೂ ಕಿಟಕಿಯ ಹೊರಗೇ ಇತ್ತು. ಲೆಕ್ಕದ ಮೇಡಮ್ಮೇ ಉತ್ತರ ಕೊಟ್ಟರು: "ಅದೇ ನೋಡಿ ಮೇಡಂ, ಇಷ್ಟು ಕಷ್ಟ ಪಟ್ಕೊಂಡು ಪ್ರತಿ ವರ್ಷ ಬರ್ತಾರೆ ಅಂದ್ರೆ ಊರಿನ ಮೇಲೆ ಎಂಥ ಪ್ರೀತಿ ಇರ್ಬೇಕು!"

ಹೆಡ್ ಮೇಡಂ "ಹೂಂ" ಎಂದು ತಲೆಯಾಡಿಸಿದರು. ಮೇಷ್ಟ್ರು ಲೆಕ್ಕದ ಮೇಡಂ ಕಡೆ ಒದ್ದೆ ಕಣ್ಣಿನಲ್ಲಿ ನೋಡಿದರು.

ಗುಡಿಯ ಮಹಾದ್ವಾರ ಕಂಡಾಗ ಮಾತ್ರ ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. ಅದೇ ಗೋಪುರ, ಅದೇ ಕಲ್ಲಿನ ಆನೆಗಳು. ಪುಸ್ತಕದಲ್ಲಿ ಇದ್ದದ್ದೇ ಇಲ್ಲಿದೆ, ಇನ್ನೇನು ಭಯ? ಗಂಟಲು ಸರಿಮಾಡಿಕೊಂಡು, ತರಗತಿಯ ದನಿ ತೆಗೆದು, ಕೈಯೆತ್ತಿ ಹೇಳಿದರು: "ಒಳಗೆ ಕಾಲಿಟ್ಟ ತಕ್ಷಣ ಎಡಕ್ಕೆ ಜಗತ್ಪ್ರಸಿದ್ಧವಾದ ನೂರು ಕಂಬಗಳ ಮಂಟಪ! ನನ್ನ ಹಿಂದೆ ಬನ್ನಿ!"

ಎಲ್ಲರೂ ಅವರ ಹಿಂದೆ ಎಡಕ್ಕೆ ನುಗ್ಗಿದರು. ಎಡಕ್ಕೆ ತಗಡಿನ ಬಾಗಿಲಿನ ಒಂದು ಶೆಡ್ಡು. ಒಳಗೆ ಆರು ಪೊರಕೆ, ನಾಲ್ಕು ಬಕೆಟ್ಟು, ಅವುಗಳ ಮಧ್ಯೆ ಕಾಲು ಚಾಚಿ ಗೊರಕೆ ಹೊಡೆಯುತ್ತಿದ್ದ ಕಾವಲುಗಾರ. ನೂರು ಕಂಬದ ಮಂಟಪ ಬಲಗಡೆ ಬಿಸಿಲಿನಲ್ಲಿ ಆರಾಮವಾಗಿ ನಿಂತಿತ್ತು.

ಆಗ ಬೆಳಕು ಹರಿಯಿತು ಮೇಷ್ಟ್ರಿಗೆ. ಪುಸ್ತಕ ಅಚ್ಚು ಹಾಕಿದವನು ಚಿತ್ರವನ್ನು ತಿರುಗುಮುರುಗಾಗಿ ಹಾಕಿದ್ದಾನೆ! ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಹದಿನೆಂಟು ವರ್ಷ, ಸಾವಿರಾರು ಮಕ್ಕಳಿಗೆ ತಾನು ಉಲ್ಟಾ ಗುಡಿ ಕಲಿಸಿದ್ದೇನೆ. ಒಂದೇ ಒಂದು ಸಲ ಇಲ್ಲಿಗೆ ಬಂದಿದ್ದವನಿಗೂ ಗೊತ್ತಾಗುವ ವಿಷಯ ಇದು.

"ಎಲ್ರಿ ಮಂಟಪ?" ಹೆಡ್ ಮೇಡಂ ಪೊರಕೆಗಳನ್ನು ಎಣಿಸುವವರಂತೆ ನೋಡಿದರು.

ಮುಗಿಯಿತು ಕತೆ ಅಂದುಕೊಂಡು ಮೇಷ್ಟ್ರು ಕಣ್ಣು ಮುಚ್ಚಿದರು. ಅಷ್ಟರಲ್ಲಿ ಡ್ರಾಯಿಂಗ್ ಮೇಷ್ಟ್ರ ದನಿ ಕೇಳಿಸಿತು: "ಮೇಡಂ, ಮೇಷ್ಟ್ರು ಹೇಳ್ತಿರೋದು ದೇವರ ಎಡಕ್ಕೆ ಅಂತ. ಒಳಗಿಂದ ಹೊರಕ್ಕೆ ನೋಡಿದ್ರೆ ಮಂಟಪ ಎಡಕ್ಕೇ ಬರುತ್ತೆ. ತಿಳಿದವರು ಹಾಗೇ ಹೇಳೋದು. ನಮ್ಮಂಥ ದಡ್ಡರು ಬಾಗಿಲಿಂದ ಲೆಕ್ಕ ಹಾಕ್ತೀವಿ."

"ಓಹೋ! ನನಗೆ ಹೊಳೀಲೇ ಇಲ್ಲ," ಎಂದರು ಹೆಡ್ ಮೇಡಂ.

ಗದ್ದಲಕ್ಕೆ ಎಚ್ಚೆತ್ತ ಕಾವಲುಗಾರ ಕಣ್ಣುಜ್ಜುತ್ತ ಎದ್ದುಬಂದ. ಹೆಡ್ ಮೇಡಂ ಅವನನ್ನೇ ಹಿಡಿದರು. "ಏನಪ್ಪಾ, ಇವರನ್ನ ನೋಡಿದೀಯಾ? ಪ್ರತಿ ವರ್ಷ ಬರ್ತಾರಂತೆ."

ಕಾವಲುಗಾರ ಮೇಷ್ಟ್ರನ್ನು ಮೇಲಿಂದ ಕೆಳಗಿನವರೆಗೆ ನೋಡಿದ. ಅವನ ಹಿಂದೆ ಡ್ರಿಲ್ ಮೇಷ್ಟ್ರು ಯಾವಾಗ ಹೋಗಿ ನಿಂತಿದ್ದರೋ, ಅವನ ಬೆನ್ನಿಗೆ ಬೆರಳಿನಿಂದ ತಿವಿಯುತ್ತಿದ್ದರು.

"ಗೊತ್ತಿಲ್ದೆ ಏನಮ್ಮಾ," ಅಂದ ಕಾವಲುಗಾರ. "ನಮ್ಮೋರೇ ಅಲ್ವಾ. ಹೋದ ವಾರಾನೂ ಬಂದಿದ್ರು."

ಹೆಡ್ ಮೇಡಂ ಮುಂದೆ ಹೋದ ಮೇಲೆ ಮೇಷ್ಟ್ರು ಡ್ರಿಲ್ ಮೇಷ್ಟ್ರ ಎರಡೂ ಕೈ ಹಿಡಿದುಕೊಂಡರು. "ಸಾರ್, ನಿಮಗೆಲ್ಲ ಗೊತ್ತಾ ನಾನು..."

"ಶ್! ಗೋಡೆಗೂ ಕಿವಿ ಇರುತ್ತೆ. ನಾವಿಲ್ವಾ? ಇವತ್ತು ನಿಮ್ಮನ್ನ ಬೀಳೋಕೆ ಬಿಡ್ತೀವಾ?"

ಆದರೂ ಮೇಷ್ಟ್ರ ಗ್ರಹಚಾರ ಅವರನ್ನು ಬಿಡಬೇಕಲ್ಲ. ಗುಡಿಯ ಹಿಂಭಾಗದಲ್ಲಿ, ನಲ್ಲಿಯ ಹತ್ತಿರ, ಗೀಚು ಗೀಚಾಗಿ ಏನೇನೋ ಗುರುತಿದ್ದ ಒಂದು ಚಪ್ಪಟೆ ಕಲ್ಲು ಬಿದ್ದಿತ್ತು. ಹೆಡ್ ಮೇಡಂ ಅದರ ಮುಂದೆ ನಿಂತರು.

"ಇದು ಶಾಸನ ಅಲ್ವಾ? ಓದಿ ನೋಡೋಣ."

ಮೇಷ್ಟ್ರಿಗೆ ಹಳೆಯ ಲಿಪಿಯ ಒಂದಕ್ಷರವೂ ಬರುತ್ತಿರಲಿಲ್ಲ. ಆದರೆ ಇಷ್ಟು ದೂರ ಬಂದ ಮೇಲೆ ಬರುವುದಿಲ್ಲ ಅನ್ನುವುದು ಹೇಗೆ? ಮಂಡಿಯೂರಿ ಕೂತರು. ಕಲ್ಲಿನ ಮೇಲೆ ಬೆರಳಾಡಿಸುತ್ತ, ಪುಸ್ತಕದ ನಲವತ್ತನೆಯ ಪುಟವನ್ನು ನೆನೆಸಿಕೊಂಡು, ಭಕ್ತಿಯಿಂದ ಶುರುಮಾಡಿದರು: "ಸ್ವಸ್ತಿಶ್ರೀ... ಈ ನಾಡನ್ನಾಳಿದ ಮಹಾರಾಜನು... ತನ್ನ ತಾಯಿಯ ನೆನಪಿಗಾಗಿ... ಈ ಗುಡಿಗೆ ನೂರು ಹಸು, ಒಂದು ಕೆರೆ..."

"ಸ್ವಲ್ಪ ಸರೀರಿ ಸಾರ್," ಎಂದು ಹಿಂದಿನಿಂದ ದನಿ ಬಂತು. ತೋಟದ ಕೆಲಸದವಳು ಒದ್ದೆ ಬಟ್ಟೆ ತುಂಬಿದ ಬಕೆಟ್ಟು ಹಿಡಿದು ನಿಂತಿದ್ದಳು. "ಬಟ್ಟೆ ಒಗೀಬೇಕು. ಹೋದ ತಿಂಗಳಷ್ಟೇ ಹಾಕ್ಸಿದ ಕಲ್ಲು, ಚೆನ್ನಾಗಿ ಉಜ್ಜೋಕಾಗ್ಲಿ ಅಂತ ಉಳಿ ಹೊಡೆಸಿದೀವಿ."

ಅವಳು ಮಹಾರಾಜನ ತಾಯಿಯ ಮೇಲೆ ಒಂದು ಟವೆಲ್ಲು ಹಾಸಿ ದಬದಬ ಬಡಿಯತೊಡಗಿದಳು. ಮೇಷ್ಟ್ರ ಬೆವರು ಕಿವಿಯ ಹಿಂದಿನಿಂದ ಕಾಲರಿಗೆ ಇಳಿಯಿತು.

ಮೊದಲು ನಕ್ಕವರು ಲೆಕ್ಕದ ಮೇಡಂ. "ಅಯ್ಯೋ, ಎಷ್ಟು ಚೆನ್ನಾಗಿ ಅಭಿನಯಿಸಿದ್ರಿ! ಮೇಡಂ, ತರಗತೀಲಿ ಮಕ್ಕಳಿಗೆ ಇವರು ಹೀಗೇ ಶಾಸನ ಓದಿ ತೋರಿಸೋದು. ಕಲ್ಲು ಯಾವುದಾದ್ರೇನು, ಕಣ್ಣಿಗೆ ಕಟ್ಟೋ ಹಾಗೆ ಹೇಳ್ತಾರೆ!"

ಉಳಿದವರು ಚಪ್ಪಾಳೆ ತಟ್ಟಿದರು. ಒಂದು ಕ್ಷಣ ತಡೆದು ಹೆಡ್ ಮೇಡಮ್ಮೂ ತಟ್ಟಿದರು. ತೋಟದವಳು ಕೂಡ ಬಟ್ಟೆ ಬಿಟ್ಟು ತಟ್ಟಿದಳು.

ಊಟದ ಹೊತ್ತಿಗೆ ಮೇಷ್ಟ್ರ ಮನಸ್ಸು ತಡೆಯಲಾರದಾಯಿತು. ಎಷ್ಟು ಅಂತ ಇವರೆಲ್ಲ ತನಗಾಗಿ ಸುಳ್ಳು ಹೇಳುವುದು? ತನ್ನ ಪಾಪ ಇವರಿಗೇಕೆ ಸುತ್ತಿಕೊಳ್ಳಬೇಕು? ಕೈತೊಳೆದು ನೇರವಾಗಿ ಹೆಡ್ ಮೇಡಂ ಕೂತಿದ್ದ ಮರದ ಕಟ್ಟೆಯ ಹತ್ತಿರ ಹೋದರು. "ಮೇಡಂ, ನಿಮಗೊಂದು ನಿಜ ಹೇಳ್ಬೇಕು..."

ಎಲ್ಲಿದ್ದರೋ ಏನೋ, ಮೂವರೂ ಹಾರಿಬಂದರು. ಡ್ರಿಲ್ ಮೇಷ್ಟ್ರು ಅವರ ಹೆಗಲಿಗೆ ಕೈಹಾಕಿ ಎಳೆದರು. ಡ್ರಾಯಿಂಗ್ ಮೇಷ್ಟ್ರು ಮಧ್ಯೆ ನಿಂತು ಅಡ್ಡವಾದರು. "ಬಿಸಿಲು ಮೇಡಂ, ಮೇಷ್ಟ್ರಿಗೆ ತಲೆ ಸುತ್ತಿದೆ," ಎಂದು ಲೆಕ್ಕದ ಮೇಡಂ ಅವರ ನೆತ್ತಿಗೆ ನೀರು ತಟ್ಟಿದರು.

ಮೂಲೆಗೆ ಕರೆದೊಯ್ದು ಡ್ರಿಲ್ ಮೇಷ್ಟ್ರು ಗದರಿದರು. "ನಿಮಗೇನು ಹುಚ್ಚಾ? ಇನ್ನೆರಡು ಗಂಟೆ ಬಾಯಿ ಮುಚ್ಕೊಂಡಿರಿ. ನಿಮ್ಮ ಕಾಲಿಗೆ ಬೀಳ್ತೀನಿ."

ಇಂಥ ಸ್ನೇಹಿತರು ಎಷ್ಟು ಜನಕ್ಕೆ ಸಿಗುತ್ತಾರೆ! ಮೇಷ್ಟ್ರು ಕರವಸ್ತ್ರದಿಂದ ಕಣ್ಣೊರಸಿಕೊಂಡರು. ಉಳಿದ ಎರಡು ಗಂಟೆ ಕಂಬ ಕಂಡಲ್ಲೆಲ್ಲ ಒಂದೊಂದು ಇಸವಿ ಹೇಳಿದರು. ಯಾರೂ ಎದುರಾಡಲಿಲ್ಲ.

ಸಂಜೆ ಎಲ್ಲರೂ ಕೊಳದ ಮೆಟ್ಟಿಲ ಮೇಲೆ ಸೇರಿದಾಗ ಹೆಡ್ ಮೇಡಂ ಎದ್ದು ನಿಂತರು. ಅವರ ಮುಖದಲ್ಲಿ ನಗುವಿತ್ತು. ಬೀಸುವ ದೊಣ್ಣೆ ತಪ್ಪಿಸಿಕೊಂಡರೆ ಸಾವಿರ ವರ್ಷ ಆಯಸ್ಸು ಅಂತಾರೆ. ಮೇಷ್ಟ್ರಿಗೆ ಆ ಸಾವಿರ ವರ್ಷವೂ ಒಟ್ಟಿಗೇ ಬಂದಂತಾಗಿ ಮೈ ಹಗುರಾಯಿತು.

"ಮೇಷ್ಟ್ರೇ," ಎಂದರು ಹೆಡ್ ಮೇಡಂ, "ಒಂದು ವಿಷಯ ನಿಮಗೊಬ್ಬರಿಗೆ ಮಾತ್ರ ಗೊತ್ತಿಲ್ಲ. ಹೋದ ವಾರ ನೀವು ಇಲ್ಲಿಗೆ ಬಂದಿದ್ರಲ್ಲ, ಆವಾಗ ಮೀಟಿಂಗ್ ಆಯ್ತು. ನಮ್ಮ ಆಡಳಿತ ಮಂಡಳಿ ಈ ಊರಲ್ಲಿ ಒಂದು ಶಾಲೆ ತೆಗೀತಿದೆ. ನಮ್ಮಲ್ಲಿ ಒಬ್ಬರು ಇಲ್ಲಿಗೆ ವರ್ಗ ಆಗ್ಲೇಬೇಕು. ಯಾರು ಹೋಗ್ತೀರಿ ಅಂದೆ. ಎಲ್ಲಾರೂ ಒಂದೇ ಬಾಯಲ್ಲಿ ನಿಮ್ಮ ಹೆಸರು ಹೇಳಿದ್ರು!"

ಮೇಷ್ಟ್ರು ಸುತ್ತ ನೋಡಿದರು. ಡ್ರಿಲ್ ಮೇಷ್ಟ್ರು ಕೊಳದ ಮೀನು ನೋಡುತ್ತಿದ್ದರು. ಡ್ರಾಯಿಂಗ್ ಮೇಷ್ಟ್ರು ಆಕಾಶ ನೋಡುತ್ತಿದ್ದರು. ಲೆಕ್ಕದ ಮೇಡಂ ಪರ್ಸಿನ ಜಿಪ್ಪು ಎಳೆಯುತ್ತಿದ್ದರು.

"ನಾನು ಒಪ್ಲಿಲ್ಲ. ಇವರಿಗೆ ಊರು ನಿಜವಾಗಿ ಗೊತ್ತಾ ಅಂತ ಮೊದ್ಲು ನೋಡ್ತೀನಿ, ಗೊತ್ತಿಲ್ಲ ಅಂದ್ರೆ ಎಲ್ರ ಹೆಸರೂ ಬರೆದು ಚೀಟಿ ಎತ್ತೋಣ ಅಂದೆ. ಇನ್ನು ಚೀಟಿ ಯಾಕೆ? ತಗೊಳ್ಳಿ ಆರ್ಡರು. ನಾಳಿದ್ದು ಬೆಳಗ್ಗೆ ಇಲ್ಲಿ ಹಾಜರಾಗ್ಬೇಕು."

ಮೇಷ್ಟ್ರ ಕೈಗೆ ಕಾಗದ ಬಂತು. ಹೆಂಡತಿಯ ಹೊಲಿಗೆ ಕೆಲಸ ತಮ್ಮೂರಲ್ಲಿ, ಮಗಳ ಓದು ತಮ್ಮೂರಲ್ಲಿ. ಅಂದರೆ ಶನಿವಾರ ಒಂದು ಸಲ, ಸೋಮವಾರ ಒಂದು ಸಲ ಬೆಟ್ಟ ಹತ್ತಿಳಿಯಬೇಕು. ವಾರಕ್ಕೆ ಎಂಬತ್ತನಾಲ್ಕು ತಿರುವು. ನಿವೃತ್ತಿಗೆ ಇನ್ನೂ ಹದಿನಾಲ್ಕು ವರ್ಷ. ಕೆಲಸ ಹೋದರೂ ಹೋಗಲಿ, ಈ ಬಸ್ಸು ಮಾತ್ರ ಬೇಡ ಅನ್ನಿಸಿತು.

"ಮೇಡಂ!" ಎಂದು ಕೂಗಿದರು. "ನಾನು ಈ ಊರಿಗೆ ಇವತ್ತೇ ಮೊದಲು ಬಂದಿರೋದು! ಆಣೆಗೂ! ಹಿಂದೆ ಒಂದು ಸಲಾನೂ ಬಂದಿಲ್ಲ!"

ಎಲ್ಲರೂ ಗೊಳ್ಳೆಂದು ನಕ್ಕರು. "ಏನು ವಿನಯ!" ಅಂದರು ಲೆಕ್ಕದ ಮೇಡಂ.

"ಹಾಗಾದ್ರೆ ಹನ್ನೊಂದು ವರ್ಷ ರಜೆ ತಗೊಂಡು ಏನ್ರಿ ಮಾಡ್ತಿದ್ರಿ?" ಹೆಡ್ ಮೇಡಮ್ಮಿಗೂ ನಗು ತಡೆಯಲಾಗಲಿಲ್ಲ.

"ಮನೇಲಿ ಮಲಗಿದ್ದೆ ಮೇಡಂ! ಫ್ಯಾನ್ ಕೆಳಗೆ! ಬೇಕಾದ್ರೆ ನನ್ನ ಹೆಂಡತೀನ ಕೇಳಿ!"

ನಗು ಇನ್ನೂ ಜೋರಾಯಿತು. ಹೆಡ್ ಮೇಡಂ ಮಾತ್ರ ಈಗ ನಗು ನಿಲ್ಲಿಸಿ, ಕನ್ನಡಕ ತೆಗೆದು ಒರಸಿ, ಮೇಷ್ಟ್ರ ಹೆಗಲ ಮೇಲೆ ಕೈಯಿಟ್ಟರು.

"ಮನೆ ಬಿಟ್ಟು ಬರೋದು ಯಾರಿಗಾದ್ರೂ ಕಷ್ಟವೇ. ಅದಕ್ಕೋಸ್ಕರ ಇಂಥ ಮಾತು ಆಡಬಾರದು ಮೇಷ್ಟ್ರೇ. ನಾನು ಬಂದ ಎರಡು ವರ್ಷದಲ್ಲಿ ನೀವು ಹೇಳ್ತಿರೋ ಮೊದಲನೇ ಸುಳ್ಳು ಇದು. ಅದಕ್ಕೇ ಕ್ಷಮಿಸಿದೀನಿ. ನಡೀರಿ, ಬಸ್ ಹೊರಡೋ ಹೊತ್ತಾಯ್ತು."