ಅರಬ್ಬಿ ಸಮುದ್ರದಲ್ಲೊಂದು ಕುಂಕುಮದ ಬೊಟ್ಟು

ಆತ್ಮವಿಶ್ವಾಸ ನನಗೆ ಯಾವತ್ತೂ ಕಡಿಮೆಯಾದದ್ದಿಲ್ಲ. ಕಡಿಮೆಯಾಗಬೇಕಾದ ಸಂದರ್ಭಗಳು ಬೇಕಾದಷ್ಟು ಬಂದಿವೆ. ನಾನು ಗಮನಿಸಿಲ್ಲ, ಅಷ್ಟೆ. ಕಾಣದ ಊರಿನಲ್ಲಿ ಆಟೋದವನಿಗೇ ದಾರಿ ಹೇಳಲು ಹೊರಡುವವಳು ನಾನು. ಇಂಥವಳು ಎಂ.ಟೆಕ್. ಪ್ರಾಜೆಕ್ಟಿಗೆ ದಾರಿ ಹುಡುಕುವ ಪ್ರೋಗ್ರಾಮನ್ನೇ ಆರಿಸಿಕೊಂಡದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಇದು ತೊಂಬತ್ತರ ದಶಕದ ಮಾತು. ಅಪ್ಪನ ವರ್ಗಾವಣೆಯಿಂದಾಗಿ ಮೈಸೂರಿನ ನಾವು ತಿರುವನಂತಪುರದವರಾಗಿದ್ದೆವು. ಕೊಚ್ಚಿಯಲ್ಲಿ ಕಂಪ್ಯೂಟರ್ ಸೈನ್ಸ್ ಸಮ್ಮೇಳನ. ನನ್ನ ಪ್ರಬಂಧ ಆಯ್ಕೆಯಾಗಿತ್ತು. ನನ್ನ ಗೈಡ್ ಕುರುಪ್ ಸಾರ್ ಕರುಣಾಳು. “ಹೆದರಬೇಡ ಮೋಳೇ, ಉತ್ತರ ಹೊಳೆಯದಿದ್ದರೆ ನಾನು ಎದ್ದು ಹೇಳ್ತೀನಿ” ಎಂದು ಮಗಳಿಗೆ ಹೇಳುವ ಹಾಗೆ ಹೇಳಿದ್ದರು. ನನಗೆ ಬೇಡವಾಗಿದ್ದದ್ದು ಅದೊಂದೇ. ಗೈಡುಗಳು ಎದ್ದು ಉತ್ತರಿಸುವುದನ್ನು ನೋಡಿದ್ದೆ. ಹೆಣ್ಣು ನೋಡಲು ಬಂದವರ ಮುಂದೆ ಹುಡುಗಿಯ ಪರವಾಗಿ ಅವಳಮ್ಮ ಮಾತಾಡಿದ ಹಾಗಿರುತ್ತದೆ. ಏನೇ ಆಗಲಿ, ಸಾರ್ ಕುರ್ಚಿ ಬಿಟ್ಟು ಏಳಬಾರದು ಎಂದು ಹಟ ತೊಟ್ಟೆ.

ಆಗೆಲ್ಲ ಪಾರದರ್ಶಕ ಹಾಳೆಗಳ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದು, ಪ್ರೊಜೆಕ್ಟರ್ ಮೇಲಿಟ್ಟು ಗೋಡೆಗೆ ಬೀಳಿಸುವುದು. ಹೊರಡುವ ಬೆಳಿಗ್ಗೆ ನನ್ನ ಹಾಳೆಗಳು ದೇವರ ಮುಂದಿದ್ದವು. ಮದುವೆ ಪತ್ರಿಕೆಯಿಂದ ಹಿಡಿದು ಹೊಸ ಫ್ರಿಜ್ಜಿನವರೆಗೆ ಕುಂಕುಮ ಕಾಣದೆ ಯಾವುದೂ ನಮ್ಮ ಮನೆಯಲ್ಲಿ ಚಲಾವಣೆಗೆ ಬರುವುದಿಲ್ಲ. ಅಮ್ಮ ಕುಂಕುಮವನ್ನು ಎಣ್ಣೆಯಲ್ಲಿ ಕಲಸಿ, ಜಂಕ್ಷನ್ನಿಗೊಂದು ಚುಕ್ಕಿಯಿಟ್ಟು ನಾನು ಬರೆದ ಕೊಚ್ಚಿಯ ನಕ್ಷೆಯಿದ್ದ ಹಾಳೆಯ ಎಡಮೂಲೆಗೆ ಬೊಟ್ಟಿಟ್ಟಿದ್ದಳು.

“ಮೊದಲನೇದಕ್ಕೆ ಇಡೋದಲ್ವೇನಮ್ಮ?” ಎಂದೆ.

“ಅದ್ರಲ್ಲಿ ಬರೀ ಅಕ್ಷರ ಕಣೇ. ಇದು ನೋಡು, ಚುಕ್ಕಿ ರಂಗೋಲಿ ಹಾಗೆ ಎಷ್ಟು ಲಕ್ಷಣವಾಗಿದೆ!”

ಮೂಲೆಯಲ್ಲೊಂದು ಬೊಟ್ಟು, ಅದರಿಂದೇನಾದೀತು ಎಂದು ಚೀಲಕ್ಕೆ ಸೇರಿಸಿದೆ.

ಕೊಚ್ಚಿಯವರಿಗೆ ಕೊಚ್ಚಿಯ ರಸ್ತೆ ತೋರಿಸುವುದು ಅಪಾಯದ ಕೆಲಸ ಎಂದು ವೇದಿಕೆ ಹತ್ತಿದ ಮೇಲೆ ತಿಳಿಯಿತು. ಪಾಲಾರಿವಟ್ಟಂನಿಂದ ತ್ರಿಪ್ಪುಣಿತ್ತುರಕ್ಕೆ ನನ್ನ ಪ್ರೋಗ್ರಾಮ್ ಹುಡುಕಿದ ದಾರಿಯನ್ನು ತೋರಿಸುತ್ತಿದ್ದಂತೆ ಒಬ್ಬರು, “ಸಂಜೆ ಹೊತ್ತು ಆ ಟ್ರಾಫಿಕ್ಕಿನಲ್ಲಿ ವೈಟ್ಟಿಲದ ಮೇಲೆ ಯಾರು ಹೋಗ್ತಾರೆ?” ಎಂದು ಗೊಣಗಿದರು. ನಾನು ಜಗ್ಗಲಿಲ್ಲ. ಆದರೆ ಅಧ್ಯಕ್ಷರಾಗಿದ್ದ ಹಿರಿಯ ಪ್ರೊಫೆಸರು ಕೋಲು ಹಿಡಿದು ಗೋಡೆಯ ಹತ್ತಿರ ಬಂದರು. ಬೆಳಕು ಹಾಯಲು ಬಿಡದ ವಸ್ತು ಯಾವ ಬಣ್ಣದ್ದಾದರೂ ಗೋಡೆಯ ಮೇಲೆ ಕಪ್ಪು. ಅಮ್ಮನ ಬೊಟ್ಟು ನನ್ನ ಜಂಕ್ಷನ್ನುಗಳಷ್ಟೇ ಕಪ್ಪಗೆ, ಅವುಗಳಿಗಿಂತ ದುಂಡಗೆ, ಅರಬ್ಬಿ ಸಮುದ್ರದಲ್ಲಿ ಕೂತಿತ್ತು.

“ಇದು ಯಾವ ಜಂಕ್ಷನ್?”

“ಜಂಕ್ಷನ್ ಅಲ್ಲ ಸಾರ್. ಕುಂಕುಮ. ನಮ್ಮಮ್ಮ ಇಟ್ಟಿದ್ದು.”

ಸಭೆ ನಕ್ಕಿತು. ನಾನೂ ನಕ್ಕೆ. ಅವರು ಮಾತ್ರ ನಗಲಿಲ್ಲ. “ಇರಲಿ, ಅಲ್ಲಿಗೆ ದಾರಿ ಕೇಳಿದರೆ ನಿನ್ನ ಪ್ರೋಗ್ರಾಮ್ ಏನು ಮಾಡುತ್ತೆ?”

ಅಲ್ಲಿಗೆ ದಾರಿಯೇ ಇಲ್ಲ. ದಾರಿಯಿಲ್ಲದ ಜಾಗವೊಂದು ಇರಬಹುದೆಂದು ನನಗೆ ಹೊಳೆದೇ ಇರಲಿಲ್ಲ. “ಹುಡುಕುತ್ತಲೇ ಇರುತ್ತೆ ಸಾರ್” ಎಂದೆ. “ನಿಲ್ಲಿಸೋದು ಹೇಗೆ?” ನಾನು ಹಾಳೆಯನ್ನು ಸುಮ್ಮನೆ ಅತ್ತಿತ್ತ ಸರಿಸಿದೆ. ಮುಂದಿನ ಸಾಲಿನಲ್ಲಿ ಕುರುಪ್ ಸಾರ್ ಕುರ್ಚಿಯ ಕೈ ಹಿಡಿದು ಅರ್ಧ ಎದ್ದರು. ಮುಗಿಯಿತು ನನ್ನ ಕತೆ ಎಂದುಕೊಂಡೆ. ಅಷ್ಟರಲ್ಲಿ ಅವರು ನನ್ನನ್ನೇ ನೋಡಿ, ಗಂಭೀರವಾಗಿ ತಲೆಯಾಡಿಸಿ, ಮತ್ತೆ ಕೂತುಬಿಟ್ಟರು. ಎಂಥ ನಂಬಿಕೆ! ನನಗೆ ಆನೆಬಲ ಬಂತು. “ನೋಡಿದ ಜಂಕ್ಷನ್ನಿಗೆಲ್ಲ ಗುರುತು ಹಾಕ್ತಾ ಹೋಗಬೇಕು ಸಾರ್. ಗುರುತಿಲ್ಲದ್ದು ಒಂದೂ ಸಿಗದೆ ಹೋದರೆ, ದಾರಿ ಇಲ್ಲ ಅಂತ ಒಪ್ಪಿಕೊಂಡು ನಿಲ್ಲಬೇಕು” ಎಂದೆ. ಪ್ರೊಫೆಸರು ಕೋಲು ಕೆಳಗಿಳಿಸಿ, “ಸರಿ” ಎಂದರು.

ವಾಪಸು ಬರುವ ರೈಲಿನಲ್ಲಿ ಕಣ್ಣಲ್ಲಿ ನೀರು ತುಂಬಿಕೊಂಡು ಹೇಳಿದೆ: “ನನ್ನನ್ನು ನಂಬಿ ಕೂತಿರಲ್ಲ ಸಾರ್, ಅದನ್ನು ಮರೆಯೋದಿಲ್ಲ.”

ಸಾರ್ ಪಳಂಪೊರಿಯ ಎಣ್ಣೆಯನ್ನು ಕಾಗದಕ್ಕೆ ಒತ್ತುತ್ತಿದ್ದರು. “ನಂಬಿಕೆಯೂ ಇತ್ತು ಮೋಳೇ. ಆದರೆ ಅರ್ಧ ಎದ್ದ ಮೇಲೆ ನನಗೂ ಏನೂ ಹೊಳೀಲಿಲ್ಲ” ಎಂದು ಆ ಬಾಳೆಹಣ್ಣಿನ ಬೋಂಡವನ್ನು ನನ್ನ ಕೈಗಿಟ್ಟರು.

ಈಗ ನಾನೂ ಗೈಡ್. ಮಕ್ಕಳು ವೇದಿಕೆಯ ಮೇಲೆ ತಡವರಿಸಿದಾಗ ಕರುಳು ಚುರ್ ಎನ್ನುತ್ತದೆ. ಅರ್ಧ ಏಳುತ್ತೇನೆ, ಏನೂ ಹೊಳೆಯುವುದಿಲ್ಲ, ಗಂಭೀರವಾಗಿ ತಲೆಯಾಡಿಸಿ ಕೂತುಬಿಡುತ್ತೇನೆ. ಮ್ಯಾಡಮ್ಮಿಗೆ ನಮ್ಮ ಮೇಲೆ ಎಷ್ಟೊಂದು ನಂಬಿಕೆ ಎಂದು ಅವರು ಹೇಳಿಕೊಂಡು ತಿರುಗುತ್ತಾರಂತೆ. ಕುರುಪ್ ಸಾರ್ ಸತ್ಯವಂತರು, ರೈಲಿನಲ್ಲೇ ಹೇಳಿಬಿಟ್ಟರು. ನಾನು ಇನ್ನೂ ಯಾರಿಗೂ ಹೇಳಿಲ್ಲ.